ಎರಡೂಕಾಲು ಲೀಟರ್ ಮಗು, ಎರಡು ಕ್ಯಾನ್ ಗಂಡಸು

ಮೈಸೂರಿನ ಒಂದು ಬಡಾವಣೆಯ ವಾಚನಾಲಯದಲ್ಲಿ ಏಪ್ರಿಲ್‌ನ ಒಂದು ಸಂಜೆ ಆಡಿದ ಮಾತು ಇದು. ಕೇಳಿದವರು ಬರೆದುಕೊಡಿ ಅಂದರು. ಮಾತಿನಲ್ಲಿ ಅಡ್ಡದಾರಿ ಹಿಡಿದ ಕಡೆ ಸ್ವಲ್ಪ ತಿದ್ದಿದ್ದೇನೆ, ಪೂರ್ತಿ ಅಲ್ಲ.

ಎಲ್ಲರಿಗೂ ನಮಸ್ಕಾರ. ಬಂದಾಗಿನಿಂದ ನೀವೆಲ್ಲ ಈ ಮೇಜಿನ ಕಡೆಗೇ ನೋಡುತ್ತಿದ್ದೀರಿ. ಎರಡು ನೀರಿನ ಕ್ಯಾನ್, ಪಕ್ಕದಲ್ಲಿ ಒಂದು ದೊಡ್ಡ ತಂಪು ಪಾನೀಯದ ಬಾಟಲಿ. ಬಾಟಲಿಯಲ್ಲಿ ಇರುವುದು ಬರೀ ನೀರು, ಮಕ್ಕಳು ಆಸೆ ಪಡಬೇಡಿ.

ಕ್ಯಾನ್ ಒಂದೊಂದು 20 ಲೀಟರಿನದು. ಒಂದು ತುಂಬಿದೆ, ಇನ್ನೊಂದರಲ್ಲಿ 16 ಲೀಟರ್ ಇದೆ. ಒಟ್ಟು 36. ಅರವತ್ತು ಕಿಲೋ ತೂಗುವ ಒಬ್ಬ ಗಂಡಸಿನ ಮೈಯಲ್ಲಿ ಇರುವ ನೀರು ಹೆಚ್ಚುಕಡಿಮೆ ಇಷ್ಟು. ತೂಕದ ನೂರಕ್ಕೆ 60 ಭಾಗ. ಅಷ್ಟೇ ತೂಕದ ಹೆಂಗಸಿನಲ್ಲಿ 30 ಲೀಟರ್, ಅಥವಾ ಅದಕ್ಕಿಂತ ಒಂದೆರಡು ಲೀಟರ್ ಜಾಸ್ತಿ. ಈ ಬಾಟಲಿ ಎರಡೂಕಾಲು ಲೀಟರಿನದು. ಇದು ಈಗಷ್ಟೇ ಹುಟ್ಟಿದ, ಮೂರು ಕಿಲೋದ ಮಗುವಿನ ಪಾಲು. ಅಂದರೆ ಮಗುವಿನ ತೂಕದ ಮುಕ್ಕಾಲು ಭಾಗ ನೀರೇ.

ಈ ಬಾಟಲಿಯಿಂದ ಆ ಕ್ಯಾನಿಗೆ ಹೋಗುವ ದಾರಿಯಲ್ಲಿ, ಮತ್ತೆ ಕ್ಯಾನ್ ನಿಧಾನವಾಗಿ ಇಳಿಯುವ ದಾರಿಯಲ್ಲಿ ಏನಾಗುತ್ತದೆ ಅನ್ನುವುದೇ ಇವತ್ತಿನ ಮಾತು. ನಾನು ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯೆ ಪಾಠ ಮಾಡಿದವನು. ಈ ಅಂಕಿಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅವುಗಳ ಅರ್ಥ ನನ್ನ ತಲೆಗೆ ಸರಿಯಾಗಿ ಹೋದದ್ದು ಮಾತ್ರ ನನ್ನ ತಾಯಿಗೆ ಒಂದು ಬೇಸಿಗೆ ಹುಷಾರು ತಪ್ಪಿದಾಗ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಬದುಕಿರುವ ಮನುಷ್ಯನ ಒಳಗಿನ ನೀರನ್ನು ಅಳೆಯುವುದು ಹೇಗೆ? ಹಿಂಡಿ ನೋಡಲು ಆಗುವುದಿಲ್ಲ ಅಲ್ವಾ? ಬಚ್ಚಲುಮನೆಯ ಹಂಡೆಯನ್ನು ನೆನಪು ಮಾಡಿಕೊಳ್ಳಿ. ಒಳಗೆ ಎಷ್ಟು ನೀರಿದೆ ಕಾಣುತ್ತಿಲ್ಲ. ಲೆಕ್ಕ ಇಟ್ಟು ಒಂದು ಹಿಡಿ ಉಪ್ಪು ಹಾಕಿ, ಚೆನ್ನಾಗಿ ಕದಡಿ, ಒಂದು ಚಮಚ ನೀರು ತೆಗೆದು ಎಷ್ಟು ಉಪ್ಪಾಗಿದೆ ಅಂತ ನೋಡಿ. ಉಪ್ಪು ಎಷ್ಟು ತೆಳುವಾಗಿದೆಯೋ ಹಂಡೆಯಲ್ಲಿ ನೀರು ಅಷ್ಟು ಜಾಸ್ತಿ. ಮನುಷ್ಯನ ವಿಷಯದಲ್ಲಿ ಉಪ್ಪಿನ ಬದಲು ಹಾಕುವುದು ಭಾರಜಲ. ಅದೂ ನೀರೇ, ಅದರ ಹೈಡ್ರೋಜನ್ ಮಾತ್ರ ಸ್ವಲ್ಪ ತೂಕದ್ದು. ಜರ್ಮನಿಯ ಫ್ರೈಬರ್ಗ್‌ನಲ್ಲಿದ್ದ ಹಂಗೇರಿಯ ವಿಜ್ಞಾನಿ ಜಾರ್ಜ್ ಹೆವೆಶಿ ಮತ್ತು ಅವನ ಜೊತೆಗಾರ ಹೋಫರ್ 1934ರಲ್ಲಿ ಈ ಕೆಲಸ ಮಾಡಿದರು. ಭಾರಜಲ ಬೆರೆಸಿದ ನೀರನ್ನು ಕುಡಿದು, ದಿನದಿನದ ಮೂತ್ರ ಪರೀಕ್ಷೆ ಮಾಡಿ, ಒಳಗೆ ಎಷ್ಟು ನೀರಿದೆ, ಕುಡಿದ ನೀರು ಎಷ್ಟು ದಿನ ಒಳಗಿರುತ್ತದೆ ಅಂತ ಲೆಕ್ಕ ಹಾಕಿದರು. ಕುಡಿದದ್ದರಲ್ಲಿ ಅರ್ಧ ಹೊರಗೆ ಹೋಗಲು ಸುಮಾರು ಒಂಬತ್ತು ದಿನ ಹಿಡಿಯಿತು.

ಅಂದರೆ ನೀವು ಇವತ್ತು ಬೆಳಿಗ್ಗೆ ಕುಡಿದ ಕಾಫಿಯಲ್ಲಿದ್ದ ಕಾವೇರಿ ನೀರು ಮುಂದಿನ ವಾರವೂ ನಿಮ್ಮ ಜೊತೆ ಇರುತ್ತದೆ. ಕೆಲವು ಬಡಾವಣೆಯವರಿಗೆ ಕಬಿನಿ ಅನ್ನಿ. ಸೆಕೆ ಇದ್ದರೆ, ಮೈ ಬಗ್ಗಿಸಿ ದುಡಿಯುವವರಾದರೆ, ಇನ್ನೂ ಬೇಗ ಹೋಗುತ್ತದೆ.

ಈಗ ಮೊದಲಿನಿಂದ ಬರೋಣ. ಬಸಿರಿನ ಮೊದಲ ತಿಂಗಳುಗಳಲ್ಲಿ ಭ್ರೂಣದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರು. ಸೌತೆಕಾಯಿಯಲ್ಲೂ ಅಷ್ಟೇ ಇರುವುದು. ತಿಂಗಳು ತುಂಬುತ್ತಾ ಮೂಳೆ, ಮಾಂಸ, ಕೊಬ್ಬು ಸೇರಿಕೊಂಡ ಹಾಗೆ ಅದು ಇಳಿದು, ಹುಟ್ಟುವಾಗ 75ರ ಹತ್ತಿರ ಬರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ 80ಕ್ಕೂ ಮೇಲೆ. ಅಂಥ ಮಗುವಿನ ಚರ್ಮ ಎಷ್ಟು ತೆಳು ಅಂದರೆ ನೀರು ಅದರ ಮೂಲಕವೇ ಆರಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಅಂಥ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಬರೀ ಬೆಚ್ಚಗಿಡಲು ಅಲ್ಲ, ಒಣಗದ ಹಾಗೆ ಇಡಲು ಕೂಡ.

ಮಗು ಹುಟ್ಟಿದ ಮೂರನೆಯ ದಿನ, ನಾಲ್ಕನೆಯ ದಿನ ಮನೆಯಲ್ಲಿ ಒಂದು ಗಲಾಟೆ ಆಗುತ್ತದೆ. "ಮಗು ಇಳಿದು ಹೋಯಿತು, ಹಾಲು ಸಾಲುತ್ತಿಲ್ಲ." ಮೂರು ಕಿಲೋ ಇದ್ದದ್ದು ಎರಡೂಮುಕ್ಕಾಲು ಆಗಿರುತ್ತದೆ. ಬಾಣಂತಿ ಅಳುತ್ತಾಳೆ, ಅತ್ತೆ ಡಬ್ಬಿ ಹಾಲು ತರಿಸುತ್ತಾಳೆ. ಹೋದದ್ದು ಬಹುಪಾಲು ನೀರು. ಹುಟ್ಟಿದ ಮಗು ಹೊಟ್ಟೆಯೊಳಗಿನಿಂದ ತಂದ ಹೆಚ್ಚಿನ ನೀರನ್ನು ಮೊದಲ ದಿನಗಳಲ್ಲಿ ಮೂತ್ರವಾಗಿ ಹೊರಗೆ ಹಾಕುತ್ತದೆ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರವರೆಗೆ ಇಳಿದು, ಹತ್ತು ಹದಿನಾಲ್ಕು ದಿನದಲ್ಲಿ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಹತ್ತಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಅದರೊಳಗಿದ್ದರೆ ಬಾಣಂತಿಯನ್ನು ಅಳಿಸಬೇಡಿ, ಅಷ್ಟೆ.

ಹೊರಗೆ ಹಾಕಿದ್ದು ಯಾವ ನೀರು? ಇಲ್ಲಿ ಒಂದು ಮಾತು ಗೊತ್ತಿರಬೇಕು. ಮೈಯ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಒಳಗೆ ಇರುವುದು ಒಳಮನೆಯ ನೀರು. ಕೋಶಗಳ ಸುತ್ತ ಮತ್ತು ರಕ್ತದಲ್ಲಿ ಇರುವುದು ಜಗಲಿಯ ನೀರು. ದೊಡ್ಡವರಲ್ಲಿ ಮೂರರಲ್ಲಿ ಎರಡು ಪಾಲು ಒಳಮನೆಯಲ್ಲಿ, ಒಂದು ಪಾಲು ಜಗಲಿಯಲ್ಲಿ. ಹುಟ್ಟಿದ ಮಗುವಿನಲ್ಲಿ ತಿರುಗುಮುರುಗು, ಜಗಲಿಯಲ್ಲೇ ಸ್ವಲ್ಪ ಜಾಸ್ತಿ. ಮೊದಲ ದಿನಗಳಲ್ಲಿ ಹೊರಗೆ ಹೋದದ್ದು ಈ ಜಗಲಿಯ ನೀರೇ. ಕೆಲವು ತಿಂಗಳು ಕಳೆದ ಮೇಲೆ ಒಳಮನೆ ಗೆಲ್ಲುತ್ತದೆ. ವಾಂತಿಯಲ್ಲಿ, ಭೇದಿಯಲ್ಲಿ ಮೊದಲು ಖಾಲಿಯಾಗುವುದು ಜಗಲಿ. ಅದಕ್ಕೇ ಮಗು ಬೆಳಿಗ್ಗೆ ಆಡುತ್ತಾ ಇದ್ದದ್ದು ಸಂಜೆಗೆ ಬಾಡಿ ಹೋಗುವುದು.

ಇನ್ನೂ ಎರಡು ಕಾರಣ ಇವೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮ ತುಂಬಾ ವಿಸ್ತಾರ. ಕಿಲೋಗೆ ಇಷ್ಟು ಅಂತ ಲೆಕ್ಕ ಹಾಕಿದರೆ ನಮಗಿಂತ ಎರಡೂವರೆ ಪಟ್ಟು. ಸಣ್ಣ ತಟ್ಟೆಯಲ್ಲಿ ಹರಡಿದ ನೀರು ಬೇಗ ಆರುವುದಿಲ್ಲವೇ, ಹಾಗೆ. ಜೊತೆಗೆ ಮಗುವಿನ ಮೂತ್ರಪಿಂಡ ಇನ್ನೂ ಹೊಸಬ. ಬೇಡದ್ದನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕಳಿಸುವ ಜಾಣತನ ಅದಕ್ಕೆ ಬಂದಿಲ್ಲ, ಜಾಸ್ತಿ ನೀರು ಖರ್ಚು ಮಾಡುತ್ತದೆ. 2022ರಲ್ಲಿ 23 ದೇಶಗಳ 5,604 ಜನರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ ಬಂತು. ಎಂಟು ದಿನದ ಮಗುವಿನಿಂದ 96 ವರ್ಷದವರ ತನಕ ಅದರಲ್ಲಿ ಇದ್ದರು. ಅಳತೆಗೆ ಬಳಸಿದ್ದು ಅದೇ ಹೆವೆಶಿಯ ದಾರಿ. ಹಸುಗೂಸು ತನ್ನ ಮೈಯ ನೀರಿನ ನೂರಕ್ಕೆ ಸುಮಾರು 28 ಭಾಗವನ್ನು ದಿನಾ ಬದಲಾಯಿಸುತ್ತದೆ ಅಂತ ಅದರಲ್ಲಿ ಕಂಡಿತು. ನಾವು ದೊಡ್ಡವರು ಹತ್ತರ ಆಸುಪಾಸು. ಈ ಬಾಟಲಿಯ ಕಾಲು ಭಾಗಕ್ಕಿಂತ ಜಾಸ್ತಿ ದಿನಾ ಹೋಗಿ ದಿನಾ ಬರಬೇಕು. ಬರುವುದು ಒಂದು ದಿನ ತಪ್ಪಿದರೆ?

ಹಳೆಯ ಹೆಂಗಸರು ಇದನ್ನು ನೋಡುತ್ತಿದ್ದದ್ದು ನೆತ್ತಿಯಲ್ಲಿ. "ನೆತ್ತಿ ಗುಳಿ ಬಿದ್ದಿದೆ" ಅಂದರೆ ಗಾಬರಿ. ಆ ಗಾಬರಿ ಸರಿಯಾದದ್ದೇ. ಎಲುಬು ಇನ್ನೂ ಕೂಡಿಕೊಳ್ಳದ ಜಾಗ ಅದು, ಒಳಗಿನ ನೀರು ಇಳಿದರೆ ಅಲ್ಲಿ ತಗ್ಗು ಬೀಳುತ್ತದೆ. ಅದಕ್ಕೆ ಎಣ್ಣೆ ಒತ್ತುವ ಮದ್ದು ಮಾತ್ರ ಸರಿಯಲ್ಲ. ನೀರು ಹೋಗಿರುವುದು ಒಳಗಿನಿಂದ, ಮೇಲಿನಿಂದ ಎಣ್ಣೆ ಹಾಕಿದರೆ ತುಂಬುವುದಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಹಸುಗೂಸಿಗೆ ನೀರು ಕುಡಿಸಬೇಕಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ಆರು ತಿಂಗಳ ತನಕ ತಾಯಿಯ ಹಾಲು ಸಾಕು, ಎಷ್ಟೇ ಸೆಕೆ ಇರಲಿ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಸಕ್ಕರೆ ನೀರು, ಜೇನು, ಕಾಯಿಸಿ ಆರಿಸಿದ ನೀರು ಯಾವುದೂ ಬೇಡ. ಬರೀ ನೀರು ಜಾಸ್ತಿ ಹೋದರೆ ಮಗುವಿನ ಮೈಯಲ್ಲಿರುವ ಉಪ್ಪಿನಂಶ ತೆಳುವಾಗಿ ಅದಕ್ಕೆ ಫಿಟ್ಸ್ ಬರಬಹುದು. ನೀರು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಭೇದಿಯ ಮಾತು ಬಂತಲ್ಲ, ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. 1971. ಬಾಂಗ್ಲಾದೇಶದ ಯುದ್ಧ. ಲಕ್ಷಗಟ್ಟಲೆ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದಿದ್ದರು. ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಡಾಕ್ಟರ್ ದಿಲೀಪ್ ಮಹಲನಬೀಸ್ ಅಲ್ಲಿಗೆ ಹೋದಾಗ ಆಸ್ಪತ್ರೆಯ ನೆಲದ ಮೇಲೆಲ್ಲಾ ರೋಗಿಗಳು. ನರಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡ ಮೂರನ್ನೂ ಅಳತೆ ಪ್ರಕಾರ ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಯ ಅಮ್ಮ, ಅಣ್ಣ, ಹೆಂಡತಿ ಯಾರಿದ್ದಾರೋ ಅವರೇ ಲೋಟದಲ್ಲಿ ಹಿಡಿದು ಕುಡಿಸಬೇಕು. ಬಾಯಿಯಿಂದ ಕುಡಿಸಿ ಕಾಲರಾ ಗೆಲ್ಲುವುದನ್ನು ಅಷ್ಟು ದೊಡ್ಡ ಮಟ್ಟದಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು.

ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಹತ್ತು ವರ್ಷ ಮೊದಲೇ ಗೊತ್ತಾಗಿತ್ತು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಉಪ್ಪು ಮತ್ತು ಗ್ಲೂಕೋಸ್ ಕೈಹಿಡಿದು ಬಂದರೆ ಮಾತ್ರ ತೆರೆಯುತ್ತದೆ, ನೀರು ಅವುಗಳ ಹಿಂದೆಯೇ ಒಳಗೆ ಹೋಗುತ್ತದೆ ಅಂತ 1960ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದ್ದ. ಭೇದಿಯಲ್ಲೂ ಆ ಬಾಗಿಲು ಕೆಡುವುದಿಲ್ಲ. ಈ ಉಪ್ಪು, ಗ್ಲೂಕೋಸ್ ಬೆರೆಸಿದ ನೀರೇ ಇವತ್ತಿನ ಓಆರ್‌ಎಸ್. ಲಂಡನ್ನಿನ ದಿ ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಇದನ್ನು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆ ಆಗಬಹುದು ಅಂತ ಬರೆಯಿತು. ಮಹಲನಬೀಸರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ನಮ್ಮ ದೇಶದ ಗಡಿಯಾರ ಕೆಲವು ವಿಷಯದಲ್ಲಿ ನಿಧಾನ.

ಒಂದು ಎಚ್ಚರಿಕೆ. ಒಂದು ಲೀಟರಿಗೆ ಅಂತ ಬರೆದ ಪ್ಯಾಕೆಟ್ಟನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಕಾಲು ಪ್ಯಾಕೆಟ್ ಅಂತ ಕಣ್ಣಳತೆ ಬೇಡ. ಹಣ್ಣಿನ ರಸದ ಡಬ್ಬಿಯ ಮೇಲೆ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರಲ್ಲ, ಅದು ಓಆರ್‌ಎಸ್ ಅಲ್ಲ, ಸಕ್ಕರೆ ನೀರು. ಹಾಗೆ ಬರೆಯಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿತು.

ಒಂದು ವರ್ಷ ತುಂಬುವಷ್ಟರಲ್ಲಿ ಮಗುವಿನ ನೀರು 60ರ ಹತ್ತಿರ ಬಂದಿರುತ್ತದೆ. ಆಮೇಲೆ ಹತ್ತು ಹನ್ನೆರಡು ವರ್ಷ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಹುಡುಗ, ಹುಡುಗಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಮೈನೆರೆಯುವ ಹೊತ್ತಿಗೆ ದಾರಿ ಬೇರೆಯಾಗುತ್ತದೆ. ಹುಡುಗನಿಗೆ ಮಾಂಸಖಂಡ ಸೇರುತ್ತದೆ, ಹುಡುಗಿಗೆ ಕೊಬ್ಬು. ಮಾಂಸಖಂಡದಲ್ಲಿ ನೂರಕ್ಕೆ 75 ನೀರು. ಕೊಬ್ಬಿನಲ್ಲಿ ಹತ್ತು, ಇಪ್ಪತ್ತು ಅಷ್ಟೆ. ಗಂಡಸಿನ ಎರಡು ಕ್ಯಾನ್, ಹೆಂಗಸಿನ ಒಂದೂವರೆ ಕ್ಯಾನ್ ಆಗಲು ಕಾರಣ ಇಷ್ಟೇ.

ಮದುವೆ ಮನೆಯಲ್ಲಿ ದಪ್ಪಗಿರುವವರು ಹೇಳುವುದನ್ನು ಕೇಳಿರುತ್ತೀರಿ: "ಇದು ಬೊಜ್ಜಲ್ಲ ಕಣ್ರೀ, ಬರೀ ನೀರು." ಪಾಪ, ಲೆಕ್ಕ ಉಲ್ಟಾ. ಮೈಯಲ್ಲಿ ಇರುವುದರಲ್ಲಿ ಕೊಬ್ಬು ತುಂಬಾ ಒಣ ಸಾಮಾನು. ಎಪ್ಪತ್ತು ಕಿಲೋದ ಇಬ್ಬರನ್ನು ತೆಗೆದುಕೊಳ್ಳಿ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ನೂರಕ್ಕೆ ಸುಮಾರು 73 ನೀರು ಅನ್ನುವುದು ದೊಡ್ಡವರಲ್ಲಿ ಅಷ್ಟಾಗಿ ಬದಲಾಗದ ಲೆಕ್ಕ. ಕೊಬ್ಬು ನೂರಕ್ಕೆ 15 ಇರುವವನಲ್ಲಿ 43 ಲೀಟರ್ ನೀರು. ಕೊಬ್ಬು 40 ಇರುವವನಲ್ಲಿ 31 ಲೀಟರೂ ಇಲ್ಲ. ಒಂದೇ ತೂಕ, ಹನ್ನೆರಡು ಲೀಟರಿಗಿಂತ ಜಾಸ್ತಿ ವ್ಯತ್ಯಾಸ. ಗಂಡಹೆಂಡತಿ ಇಬ್ಬರೂ ಒಂದೇ ಅಳತೆ ಕುಡಿದರೆ ಅವಳಿಗೆ ಬೇಗ ಏರುವುದಕ್ಕೆ ಇದೂ ಒಂದು ಕಾರಣ. ಮದ್ಯ ನೀರಿನಲ್ಲಿ ಬೆರೆಯುತ್ತದೆ, ಕೊಬ್ಬಿನಲ್ಲಿ ಅಲ್ಲ. ವಾಚನಾಲಯದಲ್ಲಿ ಈ ಉದಾಹರಣೆ ಬೇಡವಿತ್ತೇನೋ.

ಜಿಮ್ಮಿಗೆ ಹೋಗುವ ಒಬ್ಬ ಹುಡುಗ ಮೊನ್ನೆ ಬಂದು, "ಸಾರ್, ತೂಕದ ಮೆಷಿನ್ ನನ್ನ ಮೈ ನೀರು ನೂರಕ್ಕೆ 48 ಅಂತ ತೋರಿಸುತ್ತಿದೆ, ದಿನಾ ಐದು ಲೀಟರ್ ಕುಡಿಯುತ್ತಿದ್ದೇನೆ, ಏರುತ್ತಲೇ ಇಲ್ಲ" ಅಂದ. ಏರುವುದಿಲ್ಲಪ್ಪಾ. ಹೆಚ್ಚಾದದ್ದನ್ನು ಮೂತ್ರಪಿಂಡ ಒಂದೆರಡು ಗಂಟೆಯಲ್ಲಿ ಹೊರಗೆ ಕಳಿಸುತ್ತದೆ. ಆ ಅಂಕಿ ಹೇಳುವುದು ನೀನು ಎಷ್ಟು ಕುಡಿದೆ ಅಂತ ಅಲ್ಲ, ನೀರು ಇಟ್ಟುಕೊಳ್ಳುವ ಪಾತ್ರೆ ಎಷ್ಟು ದೊಡ್ಡದು ಅಂತ. ಪಾತ್ರೆ ಅಂದರೆ ಮಾಂಸಖಂಡ. ನಾನು ಇವತ್ತು ಹೇಳಬೇಕೆಂದುಕೊಂಡು ಬಂದ ಮಾತು ಇದೊಂದೇ, ಉಳಿದದ್ದೆಲ್ಲ ಇದರ ಸುತ್ತ.

ದಿನಕ್ಕೆ ಎಂಟು ಲೋಟ ಅನ್ನುವ ಮಾತನ್ನು ಬೇಗ ಮುಗಿಸಿಬಿಡೋಣ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಅಂತ ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಹೆಚ್ಚಿನದು ತಯಾರಾದ ಆಹಾರದಲ್ಲೇ ಇರುತ್ತದೆ ಅಂತಲೂ ಬರೆದಿತ್ತು. ಜನ ಮೊದಲ ಸಾಲು ಓದಿದರು, ಎರಡನೆಯದು ಬಿಟ್ಟರು. ನಮ್ಮ ಊಟದಲ್ಲಂತೂ ಅನ್ನ, ಸಾರು, ಮಜ್ಜಿಗೆ, ಎಲ್ಲ ನೀರೇ. ಬೆಂದ ಅನ್ನದಲ್ಲೇ ನೂರಕ್ಕೆ ಎಪ್ಪತ್ತರ ಹತ್ತಿರ ನೀರು. ಗಟ್ಟಿಮುಟ್ಟಾಗಿರುವ ನಡುವಯಸ್ಸಿನವರು ಬಾಯಾರಿದಾಗ ಕುಡಿದರೆ ಸಾಕು. ಬಿಸಿಲಲ್ಲಿ ದುಡಿಯುವವರು, ಮೂತ್ರದಲ್ಲಿ ಕಲ್ಲಾದವರು ಜಾಸ್ತಿ ಕುಡಿಯಬೇಕು. ಬಸುರಿಯ ಮಾತು ಬೇರೆಯೇ. ಒಂಬತ್ತು ತಿಂಗಳಲ್ಲಿ ಅವಳ ಮೈಗೆ ಆರೇಳು ಲೀಟರ್ ನೀರು ಹೊಸದಾಗಿ ಸೇರುತ್ತದೆ, ಮಗುವಿನದೂ ನೆತ್ತರಿನದೂ ಸೇರಿ. ಸಂಜೆ ಕಾಲುಂಗುರ ಬಿಗಿಯಾಗುವುದು ಅದಕ್ಕೇ.

"ಬಾಯಾರಿದಾಗ ಕುಡಿದರೆ ಸಾಕು" ಅಂದೆ. ಈ ಮಾತು ಯಾವ ವಯಸ್ಸಿನವರೆಗೆ ನಡೆಯುತ್ತದೆ?

ನನ್ನ ತಾಯಿಗೆ ಆಗ 78. ಒಂದು ಮೇ ತಿಂಗಳು. ಅಮ್ಮ ಎರಡು ದಿನದಿಂದ ಸ್ವಲ್ಪ ಮಂಕಾಗಿದ್ದರು. ವಯಸ್ಸಾಯಿತು, ಸೆಕೆ ಬೇರೆ, ಅಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಅವರ ತಮ್ಮನ ಹೆಸರಿನಿಂದ ಕರೆದರು. ಆ ಮಾವ ತೀರಿಹೋಗಿ ಇಪ್ಪತ್ತು ವರ್ಷ. "ಹಸು ಕಟ್ಟಿದೆಯೇನೋ?" ಅಂದರು. ನಮ್ಮ ಮನೆಯಲ್ಲಿ ಹಸುವೇ ಇಲ್ಲ. ಮರೆವಿನ ಕಾಯಿಲೆ ಶುರುವಾಯಿತು ಅಂತ ನನ್ನ ಕೈಕಾಲು ತಣ್ಣಗಾಯಿತು. ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರ್, ನನ್ನ ಶಿಷ್ಯೆಯ ವಯಸ್ಸಿನವಳು, ಅಮ್ಮನ ನಾಲಿಗೆ ನೋಡಿದಳು. ಒಣಗಿ ಸೀಳುಸೀಳಾಗಿತ್ತು. "ಇವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಗೊತ್ತಿರಲಿಲ್ಲ. ಡ್ರಿಪ್ ಹಾಕಿದರು. ಮಾರನೆಯ ದಿನ ಅಮ್ಮ ನನ್ನ ಹೆಸರು ಹಿಡಿದು ಕರೆದು, ಆಸ್ಪತ್ರೆಯ ಉಪ್ಪಿಟ್ಟಿಗೆ ಉಪ್ಪೇ ಇಲ್ಲ ಅಂತ ಬೈದರು.

ಆಮೇಲೆ ವಿಚಾರಿಸಿದರೆ, ಅಮ್ಮ ಮಧ್ಯಾಹ್ನದ ಊಟದ ಮೇಲೆ ನೀರು ಮುಟ್ಟುತ್ತಲೇ ಇರಲಿಲ್ಲ. ರಾತ್ರಿ ಏಳಬೇಕಲ್ಲ, ಮಂಡಿ ನೋವು, ಕತ್ತಲು, ಬಿದ್ದುಬಿಟ್ಟರೆ ಅನ್ನುವ ಭಯ. ಬಿಪಿಗೆ ಕೊಟ್ಟ ಮಾತ್ರೆ ಮೂತ್ರ ಹೆಚ್ಚು ಮಾಡುವಂಥದ್ದು. ಆ ಕಡೆಯಿಂದ ಹೊರಗೆ, ಈ ಕಡೆಯಿಂದ ಒಳಗಿಲ್ಲ. "ಬಾಯಾರಿಕೆ ಆಗುತ್ತಿರಲಿಲ್ಲವಾ ಅಮ್ಮ?" ಅಂದೆ. "ಇಲ್ಲಪ್ಪ, ಆಗಲೇ ಇಲ್ಲ" ಅಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. 1984ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಆರೋಗ್ಯವಾಗಿದ್ದ 67ರಿಂದ 75 ವರ್ಷದ ಏಳು ಗಂಡಸರು, 20ರಿಂದ 31ರ ಏಳು ಯುವಕರು. ಎಲ್ಲರಿಗೂ 24 ಗಂಟೆ ನೀರಿಲ್ಲ. ಮೈಯಿಂದ ನೀರು ಎರಡು ಗುಂಪಿನಲ್ಲೂ ಹೋಗಿತ್ತು. ಆಮೇಲೆ ನೀರು ಮುಂದಿಟ್ಟರೆ ಯುವಕರು ಗಟಗಟ ಕುಡಿದರು. ಮುದುಕರಿಗೆ ಅಷ್ಟೇನೂ ಬಾಯಾರಿರಲಿಲ್ಲ, ಕುಡಿದದ್ದೂ ಕಡಿಮೆ. ಬಾಯಾರಿಕೆಯ ಗಂಟೆ ಬಾರಿಸುವವನೇ ವಯಸ್ಸಾಗಿ ತೂಕಡಿಸುತ್ತಾನೆ. ಮೂತ್ರಪಿಂಡವೂ ಕೂಸಿನ ಕಾಲದ ಹಾಗೆಯೇ ಮತ್ತೆ ನೀರನ್ನು ದುಂದು ಮಾಡತೊಡಗುತ್ತದೆ. ಮಾಂಸಖಂಡ ಕರಗಿ ಪಾತ್ರೆ ಸಣ್ಣದಾಗಿರುತ್ತದೆ. ವಯಸ್ಸಾದ ಗಂಡಸಿನಲ್ಲಿ ನೂರಕ್ಕೆ 50ರ ಆಸುಪಾಸು, ಹೆಂಗಸಿನಲ್ಲಿ 45 ಆದರೂ ಆದೀತು. ಅರವತ್ತು ಕಿಲೋದ ಅಜ್ಜಿಯಲ್ಲಿ 27 ಲೀಟರ್. ಸಣ್ಣ ಪಾತ್ರೆಯಿಂದ ಎರಡು ಲೀಟರ್ ಹೋದರೂ ತಳ ಕಾಣುತ್ತದೆ.

ಚರ್ಮ ಹಿಡಿದೆತ್ತಿ ಬಿಟ್ಟಾಗ ತಕ್ಷಣ ಕೂತರೆ ನೀರು ಸರಿಯಾಗಿದೆ ಅನ್ನುವ ಪರೀಕ್ಷೆ ಮಕ್ಕಳ ಹೊಟ್ಟೆಯ ಮೇಲೆ ನಡೆಯುತ್ತದೆ. ನನ್ನ ಕೈ ನೋಡಿ, ಹಿಡಿದೆತ್ತಿದರೆ ಗುಡ್ಡದ ಹಾಗೆ ನಿಲ್ಲುತ್ತದೆ. ನಾನು ಈಗಷ್ಟೇ ಎರಡು ಲೋಟ ಕುಡಿದಿದ್ದೇನೆ. ವಯಸ್ಸಾದವರ ಚರ್ಮಕ್ಕೆ ಬಿಗಿಯೇ ಹೋಗಿರುತ್ತದೆ, ಅದನ್ನು ನಂಬಬೇಡಿ. ನಾಲಿಗೆ ನೋಡಿ, ಮೂತ್ರದ ಬಣ್ಣ ಕೇಳಿ, ಮಾತು ತಪ್ಪುತ್ತಿದೆಯಾ ಗಮನಿಸಿ. ಹೃದಯದ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಡಾಕ್ಟರ್ ನೀರಿನ ಅಳತೆ ಹೇಳಿದ್ದರೆ ಅದೇ ಕೊನೆ, ನನ್ನ ಮಾತು ಕೇಳಿ ಜಾಸ್ತಿ ಕುಡಿಸಬೇಡಿ.

ಪಾತ್ರೆಯ ವಿಷಯಕ್ಕೆ ಮಾತ್ರ ಈಗಲೂ ಏನಾದರೂ ಮಾಡಬಹುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಬೇಳೆ, ಮೊಟ್ಟೆ, ಮೊಸರು ಬಿಡದೆ ತಿನ್ನುವುದು. ಎಪ್ಪತ್ತರಲ್ಲೂ ಮಾಂಸಖಂಡ ಕೆಲಸ ಕೊಟ್ಟರೆ ಬೆಳೆಯುತ್ತದೆ.

ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ವಯಸ್ಸಾದವರು ಕುಳ್ಳಗಾಗುವುದೂ ನೀರು ಹೋಗಿಯಾ ಅಂತ ಒಬ್ಬ ಹೈಸ್ಕೂಲ್ ಹುಡುಗಿ ಕೇಳಿದಳು. ಒಂದು ಭಾಗ ಹೌದು. ಬೆನ್ನುಮೂಳೆಗಳ ನಡುವಿನ ಮೆತ್ತೆಯಲ್ಲಿ ಚಿಕ್ಕಂದಿನಲ್ಲಿ ತುಂಬಾ ನೀರು, ವಯಸ್ಸಾದ ಹಾಗೆ ಒಣಗುತ್ತದೆ. ಇದನ್ನು ನೀನೇ ನೋಡಬಹುದು ಅಂದೆ. ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ನಿಂತು ಗೆರೆ ಹಾಕು, ರಾತ್ರಿ ಮಲಗುವ ಮೊದಲು ಇನ್ನೊಂದು. ಒಂದು ಸೆಂಟಿಮೀಟರಿನಷ್ಟು ಕುಳ್ಳಗಾಗಿರುತ್ತೀಯ. ದಿನವಿಡೀ ಭಾರ ಬಿದ್ದು ಮೆತ್ತೆಯಿಂದ ಹಿಂಡಿದ ನೀರು ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ.

ಇನ್ನೊಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿಯದು. "ಎಲ್ಲ ಸರಿ, ರಾತ್ರಿ ನಾಲ್ಕು ಸಲ ಏಳೋದು ಯಾರು? ನೀವು ಬರ್ತೀರಾ?" ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಮ್ಮಮ್ಮನ ಪ್ರಶ್ನೆಯೂ ಅದೇ ಆಗಿತ್ತು. ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಐದರ ಒಳಗೆ ನಿಮ್ಮ ಪಾಲು ಮುಗಿಸಿ, ಆಮೇಲೆ ಗುಟುಕು ಗುಟುಕು ಸಾಕು ಅಂದೆ. ಮೂತ್ರದ ಮಾತ್ರೆ ಸಂಜೆ ತೆಗೆದುಕೊಳ್ಳುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಹಾಸಿಗೆಯಿಂದ ಬಚ್ಚಲಿನ ತನಕ ಒಂದು ಸಣ್ಣ ದೀಪ ಹಾಕಿಸಿ. ಬರೀ ನೀರು ಸೇರದಿದ್ದರೆ ಮಜ್ಜಿಗೆ, ಗಂಜಿ, ತಿಳಿಸಾರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮೇಜಿನ ಮೇಲಿದ್ದ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿ ಅವರ ಮುಂದೆ ಹಿಡಿದೆ.

ಅಜ್ಜಿ ಗೋಡೆಯ ಗಡಿಯಾರ ನೋಡಿದರು. ಆರೂವರೆ.

"ಐದು ದಾಟಿದೆ. ನಾಳೆಯಿಂದ" ಅಂದರು.